ಒಂದೇ ದಪ್ಪದ ಹಾಳೆ

ಯಲ್ಲಾಪುರದ ಆ ಶೆಡ್ಡಿನಲ್ಲಿ ಬಾಳೆನಾರು ಮತ್ತು ದರ್ಜಿ ಅಂಗಡಿಯ ಚಿಂದಿಯಿಂದ ಕೈಕಾಗದ ಮಾಡುತ್ತಿದ್ದರು. ಹಾಳೆಯ ದಪ್ಪ ಎಲ್ಲ ಕಡೆ ಒಂದೇ ಇರುವಂತೆ ಮಾಡುವುದು ನನ್ನ ಕೆಲಸ. ರಸಾಯನಶಾಸ್ತ್ರದ ಎಂಎಸ್ಸಿಗೆ ಇದು ಹದಿನೈದು ದಿನದ ಮಾತು ಎಂದು ಮಾಲೀಕರಿಗೆ ಹೇಳಿದ್ದೆ. ಅಥವಾ ಹಾಗೆ ಹೇಳಿದವರು ಅವರೇ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ನಮ್ಮ ಹಾಳೆಗೆ ಗಿರಾಕಿ ಒಬ್ಬರೇ, ಶಿರಸಿಯಲ್ಲಿ ಮದುವೆ ಕಾರ್ಡು ಮುದ್ರಿಸುವ ಸಾಹೇಬರು. ಎರಡು ಲಾಟು ವಾಪಸು ಕಳಿಸಿ ಫೋನ್ ಮಾಡಿದರು: "ಏನ್ ಸರ್, ಒಂದ್ ಕಡೆ ರೊಟ್ಟಿ, ಒಂದ್ ಕಡೆ ಹಪ್ಳ! ನನ್ನ ಮಷೀನಿಗೆ ಅಜೀರ್ಣ ಆಗ್ತದೆ. ಇನ್ನೊಂದ್ಸಲ ಹಿಂಗಾದ್ರೆ ಹುಬ್ಬಳ್ಳಿಯಿಂದ ತರಿಸ್ತೇನೆ." ಹಾಗಾದರೆ ಶೆಡ್ಡಿಗೆ ಬೀಗ, ಅಲ್ಲಿ ದುಡಿಯುವ ನಾಲ್ವರು ಹೆಂಗಸರ ಜೊತೆ ನಾನೂ ಮನೆಗೆ.

ಪ್ರತಿ ಹಾಳೆಯನ್ನು ಮೈಕ್ರೋಮೀಟರಿನಿಂದ ಒಂಬತ್ತು ಕಡೆ ಅಳೆದೆ. ಗ್ರಾಫ್ ಬರೆದೆ. ತೊಟ್ಟಿಯಿಂದ ಜಾಲರಿಯಲ್ಲಿ ಹಾಳೆ ಎತ್ತುವ ಅಕ್ಕನ ಕೈಯೇ ಓರೆ ಎಂದು ತೀರ್ಮಾನಿಸಿ, ಜಾಲರಿಗೆ ಗಾರೆಯವರ ರಸಮಟ್ಟ ಕಟ್ಟಿದೆ. ಕೈ ನೇರವಾಯಿತು, ಹಾಳೆಯಲ್ಲಿ ಅಲ್ಲಲ್ಲಿ ದಪ್ಪಗೆ ಕೂತಿದ್ದ ನಾರಿನ ಗಂಟು ಹಾಗೇ ಉಳಿಯಿತು.

"ಗಂಟು ಇಪ್ಪದು ನೀರಲ್ಲಿ ತಮಾ, ಎನ್ನ ಕೈಯಲ್ಲಿ ಅಲ್ಲ," ಎಂದಳು ಅಕ್ಕ. "ನಾರು ಒಂದಕ್ಕೊಂದು ಸಿಕ್ಕಾಜು. ನೀನು ತಲೆ ಮೀಯಕ್ಕಾದ್ರೆ ಎಂತ ಹಚ್ತೆ?"

"ಶಾಂಪೂ."

"ಅದ್ಕೇ ನಿಂಗೆ ಕೂದ್ಲು ಇಲ್ಲೆ."

ಮರುದಿನ ಬುಟ್ಟಿ ತುಂಬ ದಾಸವಾಳದ ಸೊಪ್ಪು ತಂದಳು. ನೀರಲ್ಲಿ ಕಿವುಚಿ, ಲೋಳೆಯನ್ನು ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಸುರಿದಳು. ನಾರು ಗಂಟು ಬಿಟ್ಟು ನಿಧಾನಕ್ಕೆ ಹರಡಿಕೊಂಡಿತು. ಒಣಗಿದ ಹಾಳೆಗೆ ಮೈಕ್ರೋಮೀಟರ್ ಹಿಡಿದರೆ, ಒಂಬತ್ತು ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ.

ಲೋಳೆಯ ವಿಷಯ ನಾನು ಮೊದಲೇ ಎಲ್ಲೋ ಓದಿದ್ದೆ ಎಂದು ಈಗ ಬಲವಾಗಿ ಅನ್ನಿಸುತ್ತದೆ. ಓದಿದ್ದರೆ ಎರಡು ಲಾಟು ಹಾಳಾಗುವವರೆಗೆ ಯಾಕೆ ಸುಮ್ಮನಿದ್ದೆನೋ ತಿಳಿಯದು.

ಮೂರನೆಯ ಲಾಟನ್ನು ಮಾಲೀಕರೂ ನಾನೂ ಶಿರಸಿಗೆ ಒಯ್ದೆವು. ಸಾಹೇಬರು ಹಾಳೆಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಮಷೀನಿಗೆ ಕೊಟ್ಟರು. ಅದು ತಕರಾರಿಲ್ಲದೆ ನುಂಗಿತು.

"ಯಾರ್ದು ಈ ಕರಾಮತ್ತು?"

ಮಾಲೀಕರು ನನ್ನತ್ತ ಕೈ ತೋರಿಸಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. 'ನಾನಲ್ಲ' ಎನ್ನುವುದಕ್ಕೂ ಹಾಗೆಯೇ ತಗ್ಗಿಸಬಹುದಲ್ಲವೇ?

ಆರ್ಡರ್ ಉಳಿಯಿತು. ನನಗೆ 'ತಾಂತ್ರಿಕ ಸಲಹೆಗಾರ' ಎಂಬ ಹೆಸರೂ ಬಂತು. ಅಕ್ಕ ಅದನ್ನು ಕೇಳಿ ಖಾಲಿ ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ಎಂಗ್ಳ ಮನೆ ಗಿಡ ಬೋಳಾತು. ನಾಳೆಂದ ಸಲಹೆಗಾರ್ರೇ ಸೊಪ್ಪು ಕೊಯ್ಕಂಡು ಬರವು."

ಕೊಯ್ದು ತಂದೆ, ಬೇಲಿ ಬೇಲಿ ಅಲೆದು. ಎಷ್ಟು ದಿನ ಎಂಬುದು ನೆನಪಿಲ್ಲ.