ಹತ್ತು ದಿನದ ಮಾತ್ರೆ

೨೦೦೮ರಲ್ಲಿ ನಾನು ಕನಕಪುರದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಮೂಳೆ ವೈದ್ಯ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಹೆಚ್ಚಿದಂತೆ ಬೆರಳು ಜಜ್ಜಿಸಿಕೊಂಡವರು, ಬೈಕಿನಿಂದ ಬಿದ್ದವರು ದಿನವೂ ಬರುತ್ತಿದ್ದರು. ಜಯಮ್ಮನಿಗೆ ಅಂಥದ್ದೇನೂ ಆಗಿರಲಿಲ್ಲ.

ದೊಡ್ಡಆಲಹಳ್ಳಿಯ ಆಕೆಗೆ ನಲವತ್ತೆರಡು ವರ್ಷ. ಕಾರ್ಖಾನೆಯೊಂದರಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಪ್ಯಾಕಿಂಗ್ ಮಾಡುವ ಕೆಲಸ. ಗಂಡ ಕೆಂಪಣ್ಣ ಆಕೆಯನ್ನು ಎತ್ತಿಕೊಂಡೇ ಒಳಗೆ ತಂದ.

"ಬೀಳ್ಲಿಲ್ಲ ಸಾರ್. ಕಂಪ್ನಿ ಬಸ್ಸಿಂದ ಕಾಲು ಕೆಳಕ್ಕಿಟ್ಟೆ, ಸೊಂಟದತ್ರ ಲಟಕ್ ಅಂತು," ಎಂದಳು.

ಎಕ್ಸ್‌ರೇ ತೆಗೆಸಿದೆ. ತೊಡೆಮೂಳೆ ಸೊಂಟಕ್ಕೆ ಕೂಡುವ ಕತ್ತಿನಲ್ಲಿ ಮುರಿದಿತ್ತು. ಬೆನ್ನಿನ ಎರಡು ಮೂಳೆಗಳು ಅದಕ್ಕೂ ಮೊದಲೇ ಕುಸಿದಿದ್ದವು. ಎಪ್ಪತ್ತು ದಾಟಿದವರ ಮೂಳೆಗಳ ಹಾಗೆ ಕಂಡವು. ಮುಖ ಮಾತ್ರ ದುಂಡಗೆ ತುಂಬಿಕೊಂಡಿತ್ತು. ಫ್ಯಾಕ್ಟರಿ ಸೇರಿ ಮೈ ಕೈ ತುಂಬಿಕೊಂಡಳು ಎಂದು ಊರವರು ಹೇಳುತ್ತಿದ್ದರಂತೆ. ನನಗೆ ಅನುಮಾನ ಬಂದು, ಯಾವ ಮಾತ್ರೆ ನುಂಗುತ್ತಿದ್ದೀಯಮ್ಮ ಎಂದು ಕೇಳಿದೆ.

ಕೆಂಪಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಚೀಟಿ ಕೊಟ್ಟ. ಪ್ರೆಡ್ನಿಸೋಲೋನ್, ಹತ್ತು ಮಿಲಿಗ್ರಾಂ, ದಿನಕ್ಕೊಂದು. ಇದು ಸ್ಟೀರಾಯ್ಡ್. ಕೀಲಿನ ಊತವನ್ನು ಬೇಗ ಇಳಿಸುತ್ತದೆ. ವರ್ಷಗಟ್ಟಲೆ ನುಂಗಿದರೆ ಮುಖವನ್ನು ಊದಿಸುತ್ತದೆ, ಮೂಳೆಯನ್ನು ಒಳಗಿಂದೊಳಗೇ ಟೊಳ್ಳು ಮಾಡುತ್ತದೆ.

ಚೀಟಿಯ ಅಕ್ಷರ ನನ್ನದು, ರುಜುವೂ ನನ್ನದೇ. ಆರು ವರ್ಷದ ಹಿಂದೆ ಕೀಲುವಾತವೆಂದು ಬಂದಾಗ ಬರೆದದ್ದು. ಹತ್ತು ದಿನ ನುಂಗಿ ಮತ್ತೆ ಬಾ ಎಂದು ಬಾಯಲ್ಲಿ ಹೇಳಿದ್ದೆ, ಬರೆದಿರಲಿಲ್ಲ. ನೋವು ಹೋಯಿತು, ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ, ಆಕೆ ಬರಲಿಲ್ಲ. ಮೆಡಿಕಲ್ ಶಾಪಿನವನು ತಿಂಗಳು ತಿಂಗಳೂ ಅದೇ ಚೀಟಿ ನೋಡಿ ಮಾತ್ರೆ ಕೊಡುತ್ತಾ ಬಂದಿದ್ದ.

ತಪ್ಪು ನನ್ನದು ಎಂದು ಇಬ್ಬರಿಗೂ ಹೇಳಿದೆ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೆ ಅಪಾಯ, ಮೆಲ್ಲಗೆ ಇಳಿಸಬೇಕು ಎಂದೂ ವಿವರಿಸಿದೆ. ಜಯಮ್ಮ ನನಗೇ ಸಮಾಧಾನ ಹೇಳಿದಳು.

"ನೀವ್ಯಾಕೆ ನೊಂದ್ಕತೀರಿ ಸಾರ್. ಆ ಮಾತ್ರೆ ಇಲ್ದಿದ್ರೆ ಒಂದಿನಾನೂ ನಿಂತ್ಕಳಕ್ಕಾಯ್ತಿರ್ಲಿಲ್ಲ. ಕೆಲ್ಸಕ್ಕೆ ಯಾವಾಗಿಂದ ಹೋಗ್ಬೋದು, ಅದೇಳಿ."

ನಾನು ಬೆಂಗಳೂರಿನ ಆಸ್ಪತ್ರೆಗೆ ಕಾಗದ ಬರೆದುಕೊಟ್ಟೆ. ಅಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂಳೆ ಸರಿಯಾಗಿ ಕೂಡಲಿಲ್ಲ, ಕೆಲಸ ಹೋಯಿತು, ವಾಕರ್ ಹಿಡಿದು ನಡೆಯುವಂತಾಯಿತು. ಮರುವರ್ಷ ಜೋರಾಗಿ ಕೆಮ್ಮಿದಾಗ ಬೆನ್ನಿನ ಮತ್ತೊಂದು ಮೂಳೆ ಕುಸಿಯಿತು. ಅದನ್ನು ಹೇಳಲು ಕೆಂಪಣ್ಣ ಒಬ್ಬನೇ ಬಂದಿದ್ದ. ಕೂರು ಎಂದರೂ ಕೂರಲಿಲ್ಲ.

"ಅವ್ಳು ನಿಮ್ಮನ್ನ ಒಂದ್ಮಾತೂ ಬೈಯಾಕಿಲ್ಲ ಸಾರ್. ನಾನು ದಿನಾ ಬೈತೀನಿ," ಎಂದು ಹೇಳಿ ಹೋದ.

ಅಂದಿನಿಂದ ನಾನು ಯಾರಿಗೇ ಸ್ಟೀರಾಯ್ಡ್ ಬರೆದರೂ ಅದನ್ನು ಯಾವ ದಿನ ನಿಲ್ಲಿಸಬೇಕೆಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಜೊತೆಗೆ ಬಂದವರಿಂದ ಓದಿಸುತ್ತೇನೆ. ಬಾಯಲ್ಲಿ ಹೇಳಿದ್ದೆನಲ್ಲ ಎಂಬುದು ವೈದ್ಯನಿಗೆ ಸಮರ್ಥನೆಯಲ್ಲ. ಇಷ್ಟು ಸಣ್ಣ ವಿಷಯ ನನಗೆ ತಿಳಿಯಲು ಜಯಮ್ಮನ ಮೂಳೆಗಳು ಮುರಿಯಬೇಕಾಯಿತು.