ನೂರಾ ಮೂವತ್ತೆಂಟರಲ್ಲಿ ಬೋರಮ್ಮ

ಬೈರಾಪಟ್ಟಣದ ಬೋರಮ್ಮ ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಓಡಿಸಿದ ಅತಿ ವೇಗದ ವಾಹನವೆಂದರೆ ಎತ್ತಿನ ಗಾಡಿ. ಅದೂ ಮದುವೆಯಾದ ಹೊಸದರಲ್ಲಿ, ಗಂಡ ರಾಮಲಿಂಗಯ್ಯ ಜ್ವರ ಬಂದು ಮಲಗಿದ್ದಾಗ, ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ತೋಟದಿಂದ ಮನೆಯವರೆಗೆ. ಎತ್ತುಗಳಿಗೆ ದಾರಿ ಗೊತ್ತಿದ್ದುದರಿಂದ ಅದನ್ನು ಓಡಿಸಿದ್ದು ಎನ್ನಬಹುದೋ ಇಲ್ಲವೋ ಎಂದು ಅವಳಿಗೇ ಅನುಮಾನ.

ಇಂಥ ಬೋರಮ್ಮ ಸರ್ಕಾರಿ ದಾಖಲೆಯಲ್ಲಿ ಒಂದು ಕಾರಿನ ಮಾಲೀಕಳಾಗಿದ್ದಳು. ಮಗ ಮನೋಹರ್ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಕಾರು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಡ್ರೈವರ್ ಇರುವುದಿಲ್ಲ, ಬಾಡಿಗೆಗೆ ಪಡೆದವರೇ ಓಡಿಸಿಕೊಂಡು ಹೋಗಬೇಕು. ಮೊದಲ ಕಾರು ಕೊಳ್ಳುವಾಗ ಶಾಸ್ತ್ರ ಕೇಳಿದರೆ, ಮನೋಹರನ ಹೆಸರಿಗೂ ನಾಲ್ಕು ಚಕ್ರಕ್ಕೂ ಕೂಡಿಬರುವುದಿಲ್ಲ, ತಾಯಿಯ ಹೆಸರಿನಲ್ಲಿ ತೆಗೆದುಕೊಂಡರೆ ಒಳ್ಳೆಯದು ಎಂದರಂತೆ. ಬೋರಮ್ಮ ತೋರಿಸಿದ ಕಡೆಯೆಲ್ಲ ಸೈನ್ ಹಾಕಿದಳು, ಚಕ್ರದಡಿಗೆ ನಿಂಬೆಹಣ್ಣು ಇಟ್ಟಳು, ಹಿಂದಿನ ಸೀಟಿನಲ್ಲಿ ಒಂದು ಸಲ ಕೂತು ಇಳಿದಳು. ಅಲ್ಲಿಗೆ ಕಾರಿನೊಂದಿಗಿನ ಅವಳ ವ್ಯವಹಾರ ಮುಗಿಯಿತು ಎಂದುಕೊಂಡಿದ್ದಳು.

ಅವಳದು ಒಂದು ವಿಚಿತ್ರ ಸ್ವಭಾವ. ತಪ್ಪು ಮಾಡಿದರೆ ಯಾರಾದರೂ ಬಂದು ಕೇಳುವವರೆಗೆ ಕಾಯುತ್ತಿರಲಿಲ್ಲ. ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಪೈರಿಗೆ ನುಗ್ಗಿದರೆ, ಅವರು ನೋಡುವ ಮೊದಲೇ ತಾನೇ ಹೋಗಿ, ‘ಎರಡು ಸಾಲು ಹೋಗೈತೆ ಕಣಮ್ಮ, ನಮ್ದೇ ಹಸ’ ಎಂದು ಹೇಳಿ ಬೈಸಿಕೊಂಡು ಬರುತ್ತಿದ್ದಳು. ಆದರೆ ಮಾಡದ ತಪ್ಪನ್ನು ತಲೆಗೆ ಕಟ್ಟಲು ಬಂದವರು ಸುಮ್ಮನೆ ವಾಪಸು ಹೋದದ್ದಿಲ್ಲ.

ಕಳೆದ ಜನವರಿಯ ಒಂದು ಬೆಳಗ್ಗೆ ಹಾಲು ಹಾಕಲು ಡೇರಿಗೆ ಹೋದಾಗ ಅವಳ ಫೋನು ಕುಂಯ್‌ಗುಟ್ಟಿತು. ಇಂಗ್ಲಿಷಿನಲ್ಲಿ ಬಂದ ಮೆಸೇಜುಗಳನ್ನೆಲ್ಲ ಡೇರಿ ಕಾರ್ಯದರ್ಶಿ ಕೆಂಪರಾಜುವಿಗೆ ತೋರಿಸುವುದು ಅವಳ ವಾಡಿಕೆ. ಅವನು ಓದಿ, ಹುಬ್ಬು ಮೇಲೇರಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೇಳಿದ.

“ದೊಡ್ಡವ್ವ, ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಎಲ್ಲಿದ್ದೆ?”

“ಹಸ ಹೊಡ್ಕಂಡು ಕೆರೆ ತಾವ ಹೋಗಿದ್ದೆ. ಯಾಕ್ಲಾ?”

“ಇಲ್ನೋಡುದ್ರೆ ರಾಮನಗರದ ತಾವ ಹೈವೇಲಿ ನೂರಾ ಮೂವತ್ತೆಂಟ್ರಲ್ಲಿ ಹೋಯ್ತಿದ್ದೆ ಅಂತ ಐತಲ್ಲ! ಫೈನ್ ಕಟ್ಟಬೇಕಂತೆ.”

“ಅಯ್ಯೋ, ಹಸನೂ ಕರ್ಕಂಡೋಗಿದ್ಲೇನೋ ಕೇಳ್ಲಾ,” ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಯಾನುಗಳೂ ನಕ್ಕಂತೆ ಸದ್ದಾಯಿತು.

ಹತ್ತು ದಿನದಲ್ಲಿ ಅಂಥವು ಏಳು ಬಂದವು. ನೂರಾ ಇಪ್ಪತ್ತೊಂದು, ನೂರಾ ಮೂವತ್ತು, ಒಂದು ಸಲ ನೂರಾ ನಲವತ್ತೆರಡು. ಬೋರಮ್ಮ ಬೀದಿಯಲ್ಲಿ ಬರುವುದು ಕಂಡರೆ ಜಗಲಿ ಮೇಲಿನ ಗಂಡಸರು ‘ದಾರಿ ಬುಡ್ರಪ್ಪೋ, ಬ್ರೇಕ್ ಹಿಡಿಯಾಕಿಲ್ಲ’ ಎಂದು ಕಾಲು ಮೇಲೆಳೆದುಕೊಳ್ಳತೊಡಗಿದರು. ಮೊದಮೊದಲು ಅವಳೂ ನಕ್ಕಳು. ಏಳನೆಯದು ಬಂದ ದಿನ ಮಗ ಊಟಕ್ಕೆ ಕೂತಾಗ ಮುದ್ದೆಯನ್ನು ತಟ್ಟೆಗಿಟ್ಟು, ಸಾರಿನ ಪಾತ್ರೆಯನ್ನು ಮಾತ್ರ ತನ್ನ ಕಡೆಯೇ ಇಟ್ಟುಕೊಂಡಳು.

“ಯಾರ್ಲಾ ಅದು, ನನ್ನೆಸರಲ್ಲಿ ಹಾರಾಡ್ತಿರೋನು?”

ಮನೋಹರ್ ಒಣಮುದ್ದೆ ನೋಡುತ್ತ ಹೇಳಿದ. “ಜಯಕುಮಾರ್ ಸಾರು ಕಣವ್ವ.”

ಜಯಕುಮಾರ್ ಯಾರೆಂದು ನಾಲ್ಕು ತಾಲ್ಲೂಕಿಗೂ ಗೊತ್ತು. ರಾಮನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಅವರು ‘ನಿಧಾನ ಪಥ ಜಾಗೃತಿ ವೇದಿಕೆ’ಯ ಸಂಸ್ಥಾಪಕ ಅಧ್ಯಕ್ಷರು. ವರ್ಷವಿಡೀ ಟೈಲ್ಸ್ ಮಾರಿ, ರಸ್ತೆ ಸುರಕ್ಷತಾ ಮಾಸವಾದ ಜನವರಿಯಲ್ಲಿ ಮಾತ್ರ ಅದಕ್ಕೆ ಜೀವ ಮುಡಿಪಾಗಿಡುತ್ತಿದ್ದರು. ಸ್ವಂತ ಕಾರು ಗ್ಯಾರೇಜು ಸೇರಿದ್ದರಿಂದ ಈ ಸಲದ ಪ್ರವಾಸಕ್ಕೆ ಮನೋಹರನಲ್ಲಿ ಹತ್ತು ದಿನಕ್ಕೆ ಬಾಡಿಗೆ ಕಾರು ಹಿಡಿದಿದ್ದರು. ಬೆಳಗ್ಗೆ ಚನ್ನಪಟ್ಟಣದ ಶಾಲೆಯಲ್ಲಿ ಭಾಷಣ, ಮಧ್ಯಾಹ್ನ ಮಾಗಡಿಯಲ್ಲಿ, ಮಾರನೆಯ ದಿನ ಕನಕಪುರದಲ್ಲಿ. ಎಲ್ಲ ಕಡೆಯೂ ವಿಷಯ ಒಂದೇ: ಅವಸರದ ಅನಾಹುತ. ಎಲ್ಲ ಕಡೆಗೂ ಅವರು ಹೊರಡುತ್ತಿದ್ದುದು ಒಂದು ಗಂಟೆ ತಡವಾಗಿ, ತಲುಪುತ್ತಿದ್ದುದು ಅರ್ಧ ಗಂಟೆ ತಡವಾಗಿ. ಉಳಿದರ್ಧ ಗಂಟೆಯನ್ನು ಹೈವೇಯಲ್ಲಿ ಉಳಿಸಿಕೊಳ್ಳುತ್ತಿದ್ದರು.

“ಫೈನ್ ಬಂದ್ರೆ ಓಡಿಸ್ದೋರೇ ಕಟ್ಟಬೇಕು ಅಂತ ಬರಸ್ಕಂತೀಯಲ್ಲ, ಆ ಕಾಗದ ಎಲ್ಲಿ?”

ಮನೋಹರ್ ತಲೆ ಕೆರೆದುಕೊಂಡ. “ಅಂಥ ದೊಡ್ಡೋರತ್ರ ಸೈನ್ ಹಾಕಿ ಅಂತ ಹೆಂಗವ್ವಾ ಕೇಳಾದು?”

“ಲೈಸೆನ್ಸು?”

“ರಸ್ತೆ ಸುರಕ್ಷತೆ ಅಧ್ಯಕ್ಷರತ್ರ ಲೈಸೆನ್ಸ್ ಕೇಳುದ್ರೆ ಏನಂದ್ಕಂಡಾರು?”

ಕಾಗದದ ಬದಲು ಅವರು ಮನೋಹರನಿಗೆ ಗಾಜಿನ ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರವೊಂದನ್ನು ಕೊಟ್ಟಿದ್ದರು. ಸೊಸೆ ಭಾನುಪ್ರಿಯ ಅದನ್ನು ಗೋಡೆಯಿಂದ ಇಳಿಸಿ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಲ್ಲಿ ಫೈನ್ ವಿಚಾರ ಇಲ್ಲ ಅತ್ತೆ,” ಎಂದಳು.

ಫೋನು ಮಾಡಿಸಿದ್ದಾಯಿತು. ಜಯಕುಮಾರ್ ಸಿಡುಕಲಿಲ್ಲ. ಬಲು ಸಮಾಧಾನದಿಂದ, ವೇದಿಕೆಯ ಮೇಲಿನ ಅದೇ ಧಾಟಿಯಲ್ಲಿ ತಿಳಿ ಹೇಳಿದರು.

“ನೋಡಿ ಮನೋಹರ್, ನೋಟೀಸ್ ಯಾರ ಹೆಸರಿಗೆ ಬಂದಿದೆ? ಮಾಲೀಕರ ಹೆಸರಿಗೆ. ಅಂದಮೇಲೆ ಕಾನೂನು ಯಾರನ್ನು ಕೇಳ್ತಿದೆ? ಮಾಲೀಕರನ್ನ. ಮಧ್ಯದಲ್ಲಿ ನಾನು ತಲೆ ಹಾಕಿದರೆ ಕಾನೂನಿಗೆ ಅಗೌರವ ಆಗುತ್ತೆ.”

ಕಾನೂನಿನ ಮೇಲೆ ಇಷ್ಟೊಂದು ಗೌರವವಿರುವ ಮನುಷ್ಯನಿಗೆ ನಮಸ್ಕಾರ ಹೇಳಿ ಮನೋಹರ್ ಫೋನಿಟ್ಟ. “ಕಟ್ಬುಡೋಣ ಬುಡವ್ವ. ಅವ್ರಿಂದ ಇನ್ನೂ ನಾಕು ಗಿರಾಕಿ ಬತ್ತಾರೆ.”

“ಕಟ್ಟುದ್ರೆ ನಾನೇ ಓಡ್ಸಿದ್ದು ಅಂತ ಒಪ್ಕಂಡಂಗೆ ಅಲ್ವೇನ್ಲಾ? ಸತ್ತಮೇಲೂ ಸರ್ಕಾರದ ಪುಸ್ತಕದಲ್ಲಿ ಬೋರಮ್ಮ ಅನ್ನೋಳು ನೂರಾ ನಲವತ್ತೆರಡ್ರಲ್ಲಿ ಹೋಗಿದ್ಲು ಅಂತ ಇರ್ತದೆ.”

ಮಾರನೆಯ ದಿನ ಅವಳು ಭಾನುಪ್ರಿಯಳನ್ನು ಕರೆದುಕೊಂಡು ರಾಮನಗರದ ಬಸ್ಸು ಹತ್ತಿದಳು. ಕ್ಯಾಮೆರಾ ನೋಟೀಸುಗಳನ್ನು ವಿಚಾರಿಸುವ ಕಚೇರಿಯಲ್ಲಿ ಅಸ್ರಾ ಎಂಬ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಬೋರಮ್ಮ ಕೌಂಟರಿಗೆ ಮುಖ ಕೊಟ್ಟು ನಿಂತಳು.

“ತಾಯಿ, ಆ ಕಾರೊಳಗೆ ನಾನಿದ್ದೀನಾ ಒಸಿ ನೋಡವ್ವ.”

ಅಸ್ರಾ ಫೋಟೋಗಳನ್ನು ತೆರೆದಳು. ಕ್ಯಾಮೆರಾ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದವರು ಜಯಕುಮಾರ್. ಮೈಮೇಲೆ ಕೇಸರಿ ಬಣ್ಣದ ಟೀಶರ್ಟು. ಅದರ ಮೇಲಿನ ಅಕ್ಷರಗಳು ಸೀಟ್ ಬೆಲ್ಟಿನ ಎರಡೂ ಬದಿಗೆ ಹಂಚಿಹೋಗಿದ್ದರೂ ಓದಲು ಅಡ್ಡಿಯಿರಲಿಲ್ಲ: ‘ನಿಧಾನವಾಗಿ ಚಲಿಸಿ’. ಅಸ್ರಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕಚೇರಿಯ ಗಾಂಭೀರ್ಯ ತಂದುಕೊಂಡು ಹೇಳಿದಳು.

“ಅಮ್ಮ, ಕ್ಯಾಮೆರಾಗೆ ಗೊತ್ತಾಗೋದು ನಂಬರ್ ಮಾತ್ರ. ನಂಬರ್ ಯಾರ ಹೆಸರಲ್ಲಿದೆಯೋ ಅವರಿಗೆ ನೋಟೀಸ್ ಹೋಗುತ್ತೆ. ಓಡಿಸಿದ್ದು ಬೇರೆಯವರು ಅಂದ್ರೆ ಅವರ ಹೆಸರು, ವಿಳಾಸ, ಲೈಸೆನ್ಸ್ ವಿವರ ನೀವು ಬರೆದು ಕೊಡಬೇಕು. ಕೊಡದಿದ್ರೆ ನಿಮ್ಮ ಮೇಲೇ ಉಳಿಯುತ್ತೆ.”

ಹೆಸರಿತ್ತು, ವಿಳಾಸ ಊರಿಗೆಲ್ಲ ಗೊತ್ತಿತ್ತು. ಲೈಸೆನ್ಸ್ ಇರಲಿಲ್ಲ. ಅದನ್ನು ಕೇಳಿ ಪಡೆಯಲು ಬೋರಮ್ಮ ಮೂರು ಸಲ ಟೈಲ್ಸ್ ಅಂಗಡಿಗೆ ಹೋದಳು. ಮೂರು ಸಲವೂ ಅಧ್ಯಕ್ಷರು ಜಾಗೃತಿ ಮೂಡಿಸಲು ಹೋಗಿದ್ದರು. ಕೊನೆಗೆ ಅವಳು, ಅವರು ಎಲ್ಲಿ ಖಂಡಿತ ಸಿಗುತ್ತಾರೋ ಅಲ್ಲಿಗೇ ಹೋದಳು.

ಕನಕಪುರದ ಹೈಸ್ಕೂಲೊಂದರ ಅಂಗಳದಲ್ಲಿ ವೇದಿಕೆಗೆ ಮಾತ್ರ ಶಾಮಿಯಾನ ಹಾಕಿದ್ದರು. ಮುನ್ನೂರು ಮಕ್ಕಳು ಬಿಸಿಲಲ್ಲಿ ಕೂತು ಒಂದು ಗಂಟೆಯಿಂದ ಕಾಯುತ್ತಿದ್ದವು. ಜಯಕುಮಾರ್ ಬಂದವರೇ ಬೆವರೊರೆಸಿಕೊಂಡು, ಜೀವನದಲ್ಲಿ ಐದು ನಿಮಿಷ ತಡವಾದರೆ ನಷ್ಟವೇನಿಲ್ಲ ಎಂದು ನಲವತ್ತು ನಿಮಿಷ ಮಾತಾಡಿದರು. ಕೊನೆಗೆ ಯಾರಿಗಾದರೂ ಪ್ರಶ್ನೆಯಿದ್ದರೆ ಕೇಳಬಹುದು ಎಂದರು. ಮಕ್ಕಳು ಯಾರೂ ಏಳಲಿಲ್ಲ. ಹಿಂದಿನ ಸಾಲಿನಿಂದ ಬೋರಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು.

“ಸ್ವಾಮಿ, ಬಾಡಿಗೆ ಕಾರು ತಕ್ಕಂಡೋದೋರು ಜೋರಾಗಿ ಓಡ್ಸಿ ಫೈನ್ ಬಂದ್ರೆ, ಅದ್ನ ಕಾರಿನೋರು ಕಟ್ಟಬೇಕಾ, ಓಡ್ಸಿದೋರು ಕಟ್ಟಬೇಕಾ?”

ಜಯಕುಮಾರ್ ಅವಳನ್ನು ಅಂದಿನವರೆಗೆ ನೋಡಿರಲಿಲ್ಲ. ಹಳ್ಳಿಯ ಹೆಂಗಸಿನಲ್ಲೂ ಜಾಗೃತಿ ಮೂಡಿತೆಂದು ಅವರ ಮುಖ ಅರಳಿತು.

“ಒಳ್ಳೆಯ ಪ್ರಶ್ನೆ! ಮಕ್ಕಳೇ, ಕೇಳಿಸಿಕೊಳ್ಳಿ. ಕಾರು ತಾನಾಗಿ ಓಡುವುದಿಲ್ಲ. ಯಾರ ಕಾಲು ಆಕ್ಸಿಲರೇಟರ್ ಮೇಲಿರುತ್ತೋ ಅವರದೇ ಹೊಣೆ. ಕಾರು ಕೊಟ್ಟವರ ತಲೆಗೆ ಕಟ್ಟುವುದು ಹೇಡಿತನ!”

ಮಕ್ಕಳು ಚಪ್ಪಾಳೆ ತಟ್ಟಿದವು. ಚಪ್ಪಾಳೆ ನಿಂತ ಮೇಲೆ ಬೋರಮ್ಮ ಹೇಳಿದಳು. “ಹಂಗಂದ್ರೆ ಒಸಿ ನಿಮ್ ಲೈಸೆನ್ಸ್ ಕೊಡಿ ಸ್ವಾಮಿ. ನಾನು ಚನ್ನಪಟ್ಟಣದ ಮನೋಹರನ ಅವ್ವ. ಕಾರು ನಂದು, ಕಾಲು ನಿಮ್ದು.”

ಮೈಕು ಕುಂಯ್ಯೆಂದಿತು. ಅಧ್ಯಕ್ಷರು ಲೈಸೆನ್ಸ್ ಮನೆಯಲ್ಲಿದೆ ಎಂದರು, ಖಂಡಿತ ಕಳಿಸುತ್ತೇನೆ ಎಂದರು, ತುರ್ತು ಸಭೆಯೊಂದು ನೆನಪಾಯಿತು ಎಂದರು. ಶಾಲೆಯವರು ಹೊದಿಸಲು ತಂದಿದ್ದ ಶಾಲು ಮಡಿಕೆ ಬಿಚ್ಚುವ ಮೊದಲೇ ಅವರು ಗೇಟು ದಾಟಿದ್ದರು.

ಮರುದಿನ ಬೆಳಗ್ಗೆ ಬೈರಾಪಟ್ಟಣದ ಮನೆಯ ಮುಂದೆ ಜಯಕುಮಾರ್ ಬಂದು ಇಳಿದಾಗ ಅವರ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣಿತ್ತು. ರಾಮಲಿಂಗಯ್ಯ ಕುರ್ಚಿ ಹಾಕಿದ. ಬೋರಮ್ಮ ಕಾಫಿ ಕೊಟ್ಟಳು. ಮನೆಗೆ ಬಂದವರಿಗೆ ಕಾಫಿ ಕೊಡದಿರುವುದು ಬೇರೆಯದೇ ತಪ್ಪು. ಜಯಕುಮಾರ್ ಲೋಟ ಕೆಳಗಿಟ್ಟು ದನಿ ತಗ್ಗಿಸಿದರು. ಅವರ ಲೈಸೆನ್ಸ್ ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು. ಜಾಗೃತಿ ಕಾರ್ಯದ ಒತ್ತಡದಲ್ಲಿ ನವೀಕರಿಸಲು ಬಿಡುವಾಗಿರಲಿಲ್ಲ.

“ಫೈನ್ ದುಡ್ಡು ನಾನೇ ಕೊಡ್ತೀನಮ್ಮ. ಹೆಸರು ಮಾತ್ರ ನಿಮ್ಮದೇ ಇರಲಿ. ನನ್ನ ಹೆಸರು ಬರೆದುಕೊಟ್ಟರೆ ಲೈಸೆನ್ಸ್ ಇಲ್ಲದವನಿಗೆ ಕಾರು ಕೊಟ್ಟಿರಿ ಅಂತ ನಿಮ್ಮ ಮೇಲೂ ಕೇಸಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.”

ಇದು ನಿಜವೆಂದು ಮನೋಹರನಿಗೆ ಗೊತ್ತಿತ್ತು. ದುಡ್ಡು ಅವರು ಕೊಟ್ಟರೆ ಎಲ್ಲರಿಗೂ ಒಳ್ಳೆಯದೇ ಎಂದು ಅವನ ಮುಖ ಗೆಲುವಾಯಿತು. ಮಗನ ಮೇಲೆ ಕೇಸಾಗುವುದು ಬೋರಮ್ಮನಿಗೂ ಬೇಕಿರಲಿಲ್ಲ. ಎದ್ದು ಒಳಗೆ ಹೋದಳು, ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿದಳು, ಮತ್ತೆ ಬಂದು ಬಾಗಿಲಿಗೆ ಒರಗಿ ನಿಂತಳು.

“ಲೈಸೆನ್ಸ್ ಕೇಳ್ದೆ ಕಾರು ಕೊಟ್ಟಿದ್ದು ನಿಜ ಅಲ್ವೇನ್ಲಾ ಮನೋಹರ?”

“ನಿಜ ಕಣವ್ವ, ಆದ್ರೆ...”

“ಮತ್ತೆ ಅದು ನಮ್ ತಪ್ಪು. ಅದ್ನ ನಾವು ಕಟ್ಟೋಣ. ಓಡ್ಸಿದ್ದು ಇವ್ರ ತಪ್ಪು. ಅದ್ನ ಇವ್ರು ಕಟ್ಲಿ. ಅದ್ಲು ಬದ್ಲು ಮಾಡಾದು ಬ್ಯಾಡ.” ಆಮೇಲೆ ಜಯಕುಮಾರ್ ಕಡೆ ತಿರುಗಿದಳು. “ಬಾಳೆಹಣ್ಣು ತಕ್ಕಂಡೋಗಿ ಸ್ವಾಮಿ. ನಮ್ ತೋಟದಲ್ಲೇ ಐತೆ.”

ಆ ವಾರವೇ ಭಾನುಪ್ರಿಯ ಅತ್ತೆ ಹೇಳಿದಂತೆ ಅರ್ಜಿ ಬರೆದಳು. ಮೊದಲ ಸಾಲಿನಲ್ಲೇ, ವಿಚಾರಿಸದೆ ಕಾರು ಕೊಟ್ಟದ್ದು ನಮ್ಮ ತಪ್ಪು ಎಂದಿತ್ತು. ಅದನ್ನು ಓದಿದ ಅಸ್ರಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಅಮ್ಮ, ಇಲ್ಲಿಗೆ ದಿನಾ ನೂರು ಜನ ಬರ್ತಾರೆ. ತಪ್ಪು ನಂದಲ್ಲ ಅಂತ ಹೇಳೋಕೆ. ನಂದು ಅಂತ ಬರ್ಕೊಂಡು ಬಂದಿದ್ದು ನೀವೊಬ್ಬರೇ.”

“ಅರ್ಧ ಮಾತ್ರ ಕಣವ್ವ,” ಎಂದಳು ಬೋರಮ್ಮ. “ಇನ್ನರ್ಧ ಆ ಟೀಶರ್ಟಿನೋರ್ದು.”

ಏಳೂ ನೋಟೀಸುಗಳು ಜಯಕುಮಾರ್ ಹೆಸರಿಗೆ ಹೋದವು, ಲೈಸೆನ್ಸ್ ಇಲ್ಲದ್ದಕ್ಕೆ ಬೇರೆಯದೊಂದು ಸೇರಿಕೊಂಡು. ಕಾರು ಕೊಟ್ಟ ತಪ್ಪಿಗೆ ಮನೋಹರ್ ದಂಡ ಕಟ್ಟಿದ. ಒಂದು ವಾರ ಅವ್ವನ ಜೊತೆ ಮಾತು ಬಿಟ್ಟ. ನಿಧಾನ ಪಥ ವೇದಿಕೆ ತುರ್ತು ಸಭೆ ಸೇರಿ, ಜಾಗೃತಿಯನ್ನು ಬೇಗ ತಲುಪಿಸುವ ಕಳಕಳಿಯಿಂದಲೇ ಅಧ್ಯಕ್ಷರು ವೇಗವಾಗಿ ಹೋಗಿದ್ದರೆಂದು ನಿರ್ಣಯ ಬರೆದು, ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿತು. ಈಗ ಅವರು ಹಿಂದಿನ ಸೀಟಿನಲ್ಲಿ ಕೂತು ಪ್ರವಾಸ ಮಾಡುತ್ತಾರೆ. ಡ್ರೈವರಿಗೆ ಗಂಟೆಗೊಮ್ಮೆ ನಿಧಾನ, ನಿಧಾನ ಎನ್ನುತ್ತಾರಂತೆ. ತಡವಾದರೆ ಅವನನ್ನೇ ಬೈಯುತ್ತಾರಂತೆ.

ಮನೋಹರನ ಮುನಿಸು ಇಳಿದ ಮೇಲೆ ಬೋರಮ್ಮ ಮಂಗಳವಾರ, ಶುಕ್ರವಾರ ಚನ್ನಪಟ್ಟಣದ ಅಂಗಡಿಯಲ್ಲಿ ಕೂರತೊಡಗಿದಳು. ಲೈಸೆನ್ಸಿನ ಮೇಲಿನ ದಿನಾಂಕ ಓದುವುದನ್ನು ಮೊಮ್ಮಗಳು ಸಿರಿ ಹೇಳಿಕೊಟ್ಟಿದ್ದಾಳೆ. ಹೋದ ತಿಂಗಳು ಚನ್ನಪಟ್ಟಣದವನೇ ಒಬ್ಬ, ಬಿಳಿ ಶರ್ಟು, ಕೊರಳಲ್ಲಿ ದಪ್ಪ ಸರ, ಸಾವನದುರ್ಗಕ್ಕೆ ಹೋಗಿಬರಲು ಕಾರು ಕೇಳಿಕೊಂಡು ಬಂದ. ಅವಳು ಲೈಸೆನ್ಸ್ ಕೇಳಿದ್ದಕ್ಕೆ ಉರಿದುಬಿದ್ದ.

“ನಾನ್ಯಾರು ಅಂತ ಗೊತ್ತೇನಮ್ಮ ನಿಂಗೆ?”

“ಗೊತ್ತಿಲ್ಲ ಕಣಪ್ಪ,” ಎಂದಳು ಬೋರಮ್ಮ, ಕೈ ಚಾಚಿಕೊಂಡೇ. “ಅದ್ಕೇ ಕೇಳ್ತಿರಾದು.”

ಅವನು ಗೊಣಗಿಕೊಂಡು ಹೋದ. ಮುಕ್ಕಾಲು ಗಂಟೆಯ ಮೇಲೆ ಲೈಸೆನ್ಸ್ ತಂದ. ಅವಳು ದಿನಾಂಕವನ್ನು ಬೆರಳಿಟ್ಟು ಓದಿ, ಕಾಗದದ ಮೇಲೆ ಸೈನ್ ಹಾಕಿಸಿಕೊಂಡು, ಕೀ ಕೊಟ್ಟಳು.