ದೊಡ್ಡಮ್ಮನ ಹಿಮ್ಮಡಿಗೆ ಸಿಕ್ಕಿದ ಹವಳದ ಕಲ್ಲು

"ನಿಮ್ಮ ಬಚ್ಚಲಿನ ಕಾಲು ತಿಕ್ಕುವ ಕಲ್ಲು ಭಾರೀ ಲಾಯ್ಕುಂಟು ಮಾರಾಯ!"

ಮಡಂತ್ಯಾರಿನ ದೊಡ್ಡಮ್ಮ ಇವತ್ತು ನಮ್ಮಲ್ಲಿ ಎಣ್ಣೆಸ್ನಾನ ಮುಗಿಸಿ ಬಂದು ಹೀಗೆಂದರು, ಗೆಳೆಯರೇ.

ಸಮುದ್ರದ ಮೀನು ಸಾಕುವ ನನ್ನ ಹುಚ್ಚು ನಿಮಗೆ ಗೊತ್ತು. ಉಪ್ಪುನೀರಿನ ಅಕ್ವೇರಿಯಂಗೆ ತೂತು ತೂತಾದ ಹವಳದ ಕಲ್ಲು ಬೇಕು. ಸಮುದ್ರದಿಂದ ಹಸಿಯಾಗಿ ಬರುವ ಕಲ್ಲು ನನ್ನ ಕೈಗೆಟುಕದು. ಹಾಗಾಗಿ ಅಗ್ಗದ ಒಣ ಕಲ್ಲುಗಳನ್ನೇ ಒಂದೊಂದಾಗಿ ಎತ್ತಿ, ತಿರುಗಿಸಿ, ಹಗುರವಾದದ್ದನ್ನು ಆರಿಸಿ ತಂದು ಬಚ್ಚಲಿನ ಬಕೆಟಿನಲ್ಲಿ ನೆನೆಹಾಕಿದ್ದೆ. ದಿನಾ ನೀರು ಬದಲಿಸುತ್ತಿದ್ದೆ. ನಾಳೆ ಮೀನಿನ ತೊಟ್ಟಿಗೆ ಇಳಿಸುವುದಿತ್ತು.

ಓಡಿದೆ. ಮೀನು ಅಡಗಿಕೊಳ್ಳಲೆಂದು ಗುಹೆಯಿರುವ ಒಂದೇ ಒಂದು ಕಲ್ಲು ಆರಿಸಿದ್ದೆನಲ್ಲ, ಅದರ ತೂತುಗಳಲ್ಲೆಲ್ಲ ಸಾಬೂನು! ಬಕೆಟಿನ ತುಂಬ ನೊರೆ.

"ದೊಡ್ಡಮ್ಮ, ಅದು ಮೀನಿಗೆ ಅಂತ ತಂದದ್ದು! ಸಾಬೂನು ತಾಗಿದ್ರೆ ಮೀನು ಸಾಯ್ತದೆ!"

"ಅಯ್ಯೋ, ಹೌದಾ? ಹಾಗಾದ್ರೆ ಇದನ್ನು ನಾನೇ ಕೊಂಡುಹೋಗ್ತೇನೆ. ನೀನು ಬೇಜಾರು ಮಾಡ್ಬೇಡ."

ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೇಬಿಟ್ಟರು. ಆಮೇಲೆ ನಮ್ಮ ಬಚ್ಚಲಿನ ಮೂಲೆಯ ಹಳೇ ಕರಿಕಲ್ಲನ್ನು ತೊಳೆದು ನನ್ನ ಕೈಗಿಟ್ಟರು.

"ಮೀನಿಗೆ ಇದು ಹಾಕು. ನಿನ್ನ ಅಜ್ಜಿಯ ಕಾಲದ್ದು. ಒಳ್ಳೆ ನುಣುಪುಂಟು, ಎಲ್ಲಿಯೂ ತರಚುವುದಿಲ್ಲ."

ದೊಡ್ಡಮ್ಮ ಬಸ್ಸು ಹತ್ತಿ ಹೋದರು. ನಾನು ಇಡೀ ಕುಟುಂಬದ ಹಿಮ್ಮಡಿ ಕಂಡ ಆ ಕಲ್ಲನ್ನು ಹಿಡಿದುಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೇನೆ. ಮೀನಿಗೆ ಹಿಮ್ಮಡಿಯೇ ಇಲ್ಲ ಎಂದು ದೊಡ್ಡಮ್ಮನಿಗೆ ಹೇಳುವವರು ಯಾರು?